ಎನ್ರಿಕೆ ಶಾ: ಕ್ಯಾನ್ಸರನ್ನು ವಿಶ್ವಾಸದಿಂದ ಎದುರಿಸಿದ ಒಂಬತ್ತು ಮಕ್ಕಳ ತಂದೆ



ಈ ಪುಟದಲ್ಲಿ ಸಾಮಾನ್ಯವಾಗಿ ನಾವು ಅಡಿಕೆಯ ಕೊಳೆರೋಗ, ತೆಂಗಿನ ಹುಳದ ಬಾಧೆ, ಮಳೆಗಾಲದ ಜ್ವರ ಮುಂತಾದ ವಿಷಯಗಳನ್ನು ಮಾತನಾಡಿಕೊಳ್ಳುತ್ತೇವೆ. ಈ ತಿಂಗಳು ಒಬ್ಬ ಮನುಷ್ಯನ ಕಥೆಯನ್ನು ಹೇಳಬೇಕೆಂದಿದ್ದೇನೆ. ಅವರು ಕೃಷಿಕರಲ್ಲ, ನಮ್ಮ ಊರಿನವರೂ ಅಲ್ಲ. ಆದರೆ ಅವರಿಗೆ ಬಂದ ಕಾಯಿಲೆ ನಮ್ಮ ಅನೇಕ ಮನೆಗಳ ಬಾಗಿಲು ತಟ್ಟಿದೆ. ಅದನ್ನು ಅವರು ಎದುರಿಸಿದ ರೀತಿಯಿಂದ ನಮ್ಮ ಮನೆಗಳು ಕಲಿಯುವುದು ಬಹಳಷ್ಟಿದೆ.

ಅರ್ಜೆಂಟೀನಾ ಎಂಬ ಹೆಸರು ನಮಗೆ ಹೊಸತಲ್ಲ. ವಿಶ್ವಕಪ್ ಫುಟ್ಬಾಲ್ ಬಂದಾಗ ಕಾಸರಗೋಡಿನಿಂದ ತಿರುವನಂತಪುರದವರೆಗೆ ಆ ದೇಶದ ನೀಲಿ-ಬಿಳಿ ಬಾವುಟವನ್ನು ನಮ್ಮ ಹುಡುಗರೇ ಕಟ್ಟುತ್ತಾರೆ. 2013ರಿಂದ 2025ರ ತನಕ ಧರ್ಮಸಭೆಯನ್ನು ಮುನ್ನಡೆಸಿದ ಪೋಪ್ ಫ್ರಾನ್ಸಿಸರು ಆ ದೇಶದವರು. ಅದೇ ದೇಶದ ಇನ್ನೊಬ್ಬ ಮಗ ಎನ್ರಿಕೆ ಶಾ. ಅವರು ಧರ್ಮಗುರುವಲ್ಲ, ಸನ್ಯಾಸಿಯೂ ಅಲ್ಲ. ಒಬ್ಬ ಗೃಹಸ್ಥ, ಒಂದು ಗಾಜಿನ ಕಾರ್ಖಾನೆಯ ಮುಖ್ಯಸ್ಥ. 1962ರ ಆಗಸ್ಟ್ 27ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಕೇವಲ 41 ವರ್ಷ. ಹಿಂದೆ ಬಿಟ್ಟು ಹೋದದ್ದು ಪತ್ನಿಯನ್ನು ಮತ್ತು ಒಂಬತ್ತು ಮಕ್ಕಳನ್ನು.

ತಾಯಿಯ ಕೊನೆಯ ಆಸೆ

ಎನ್ರಿಕೆ ಹುಟ್ಟಿದ್ದು 1921ರ ಫೆಬ್ರವರಿ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ-ತಾಯಿ ಅರ್ಜೆಂಟೀನಾದ ಸಿರಿವಂತ ಮನೆತನದವರು. ಮಗುವಿಗೆ ಎರಡು ವರ್ಷವಾಗುವಾಗ ಕುಟುಂಬ ಸ್ವದೇಶಕ್ಕೆ ಮರಳಿತು, ನಾಲ್ಕು ವರ್ಷವಾಗುವಾಗ ತಾಯಿ ತೀರಿಕೊಂಡರು. ಮಗನನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಬೇಕೆಂದು ಆ ತಾಯಿ ಗಂಡನಿಂದ ಮಾತು ಪಡೆದಿದ್ದರು. ತಂದೆ ಸ್ವತಃ ಅಷ್ಟೊಂದು ಧರ್ಮನಿಷ್ಠರಲ್ಲದಿದ್ದರೂ ಕೊಟ್ಟ ಮಾತನ್ನು ಉಳಿಸಿಕೊಂಡರು. ನೆಲಕ್ಕೆ ಬಿದ್ದ ಬೀಜ ಯಾವಾಗ ಮೊಳೆಯುತ್ತದೆಂದು ಬಿತ್ತಿದವರಿಗೂ ತಿಳಿಯದು. ಆ ತಾಯಿ ಬಿತ್ತಿದ್ದನ್ನು ಕಾಣಲು ಅವರು ಉಳಿಯಲಿಲ್ಲ, ಆದರೆ ಬೆಳೆ ಬಂತು.

ಹದಿನಾಲ್ಕು ದಾಟಿದ ಹುಡುಗ ನೌಕಾಪಡೆಯ ಶಾಲೆಗೆ ಸೇರಿದ. ಮನೆಯವರಿಗೆ ಅದು ಇಷ್ಟವಿರಲಿಲ್ಲ. ಹಡಗಿನಲ್ಲಿ ಜೊತೆಯ ನಾವಿಕರಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದ ಈ ತರುಣ ಅಧಿಕಾರಿಯನ್ನು ಕೆಲವರು ಗೇಲಿ ಮಾಡಿದರು, ಹಲವರು ಗೌರವಿಸಿದರು.

ಗಂಡ, ತಂದೆ, ಯಜಮಾನ

1943ರ ಅಕ್ಟೋಬರ್‌ನಲ್ಲಿ ಅವರು ಸೆಸಿಲಿಯಾ ಬುಂಗೆ ಎಂಬವರನ್ನು ಮದುವೆಯಾದರು. ದೂರದ ಸಮುದ್ರದಿಂದ ಎನ್ರಿಕೆ ಅವರಿಗೆ ಬರೆದ ಪತ್ರಗಳು ಬಹಳ. ದೇವರು ತಮಗೆ ಒಂಬತ್ತು ಮಕ್ಕಳನ್ನು ಕೊಟ್ಟಾಗ ಒಂದೊಂದನ್ನೂ ಆಶೀರ್ವಾದವೆಂದೇ ಅವರಿಬ್ಬರೂ ಸ್ವೀಕರಿಸಿದರು. ಒಬ್ಬ ಮಗ ಮುಂದೆ ಧರ್ಮಗುರುವಾದರು.

1945ರಲ್ಲಿ ಎನ್ರಿಕೆ ನೌಕಾಪಡೆಯನ್ನು ಬಿಟ್ಟರು. ಬಡವರೊಂದಿಗೆ ಬಡವನಾಗಿ, ಕಾರ್ಖಾನೆಯಲ್ಲಿ ಕೂಲಿ ಕೆಲಸ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಒಬ್ಬ ಧರ್ಮಗುರುಗಳು ಅವರಿಗೆ ಬೇರೆಯೇ ದಾರಿ ತೋರಿಸಿದರು: ಯಜಮಾನರ ನಡುವೆ ಶುಭಸಂದೇಶವನ್ನು ಬದುಕಿ ತೋರಿಸುವವರೂ ಬೇಕಲ್ಲವೇ? ಎನ್ರಿಕೆ ಆ ಮಾತನ್ನು ಕೇಳಿದರು. ಬ್ಯೂನಸ್ ಐರಿಸ್ ಸಮೀಪದ ಬೆರಾಸಾತೆಗಿ ಎಂಬ ಊರಿನ ರಿಗೊಲೊ ಗಾಜಿನ ಕಾರ್ಖಾನೆಗೆ ಸೇರಿ, ಮುಂದೆ ಅದರ ಮುಖ್ಯ ಆಡಳಿತಗಾರರಾದರು. ಅಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಕಾರ್ಮಿಕರಿದ್ದರು. ಎನ್ರಿಕೆ ಕುಲುಮೆಯ ಬಳಿಗೆ ಹೋಗಿ ಅವರೊಡನೆ ಮಾತನಾಡುತ್ತಿದ್ದರು, ಕಾಯಿಲೆ ಬಿದ್ದವರನ್ನು ನೋಡಲು ಹೋಗುತ್ತಿದ್ದರು. 1952ರಲ್ಲಿ ಅರ್ಜೆಂಟೀನಾದ ಕ್ರೈಸ್ತ ಉದ್ಯಮಿಗಳ ಸಂಘವನ್ನು ಸ್ಥಾಪಿಸಿದರು. ಮಕ್ಕಳಿರುವ ಕಾರ್ಮಿಕನಿಗೆ ಸಂಬಳದ ಜೊತೆಗೆ ಕುಟುಂಬ ಭತ್ಯೆ ಸಿಗಬೇಕೆಂದು ಆ ಸಂಘ ದುಡಿಯಿತು. 1955ರಲ್ಲಿ ಆ ದೇಶದ ಸರಕಾರಕ್ಕೂ ಧರ್ಮಸಭೆಗೂ ಘರ್ಷಣೆಯಾದಾಗ ಎನ್ರಿಕೆ ಕೆಲವು ದಿನ ಸೆರೆಮನೆಯಲ್ಲೂ ಇದ್ದರು.

ಕಾಯಿಲೆಯ ಐದು ವರ್ಷಗಳು

1957ರಲ್ಲಿ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದರು. ಆಗ ಎನ್ರಿಕೆಯವರಿಗೆ 36 ವರ್ಷ. ಇಂದು ನಮಗೆ ದೊರೆಯುವ ಔಷಧಿಗಳಲ್ಲಿ ಹೆಚ್ಚಿನವು ಆಗ ಇರಲೇ ಇಲ್ಲ. ಮನೆಯ ತುಂಬ ಚಿಕ್ಕ ಮಕ್ಕಳು. ಹಿರಿಯ ಮಗುವಿಗೂ ಇನ್ನೂ ಹದಿನಾಲ್ಕು ತುಂಬಿರಲಿಲ್ಲ.

ಇಂಥ ಸುದ್ದಿ ಬಂದಾಗ ಮನುಷ್ಯ ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದೋ ಎಲ್ಲವನ್ನೂ ಬಿಟ್ಟು ಮೂಲೆ ಹಿಡಿಯುತ್ತಾನೆ, ಅಥವಾ ಏನೂ ಆಗಿಲ್ಲವೆಂಬಂತೆ ನಟಿಸುತ್ತಾನೆ. ಎನ್ರಿಕೆ ಎರಡನ್ನೂ ಮಾಡಲಿಲ್ಲ. ವೈದ್ಯರು ಹೇಳಿದ ಚಿಕಿತ್ಸೆಯನ್ನು ತೆಗೆದುಕೊಂಡರು. ಮೈಯಲ್ಲಿ ಶಕ್ತಿಯಿದ್ದಷ್ಟು ದಿನ ಕಾರ್ಖಾನೆಗೆ ಹೋದರು. ಬಲಿಪೂಜೆ, ಪರಮಪ್ರಸಾದ ಅವರಿಗೆ ದಿನದ ಅನ್ನವಾಗಿತ್ತು.

ಕಾಯಿಲೆಯ ಈ ವರ್ಷಗಳಲ್ಲೇ ಕಾರ್ಖಾನೆಗೂ ಕಷ್ಟ ಬಂತು. ಹೊಸ ಹೂಡಿಕೆದಾರರು ಸುಮಾರು 1200 ಜನರನ್ನು ಕೆಲಸದಿಂದ ತೆಗೆಯಬೇಕೆಂದರು. ಎನ್ರಿಕೆ ಒಪ್ಪಲಿಲ್ಲ. ಒಬ್ಬನನ್ನೂ ಬೀದಿಗೆ ಹಾಕದೆ ಕಾರ್ಖಾನೆಯನ್ನು ಉಳಿಸುವ ಯೋಜನೆಯನ್ನು ಮಾಡಿ ಮುಂದಿಟ್ಟರು, ತಾವೇ ರಾಜೀನಾಮೆ ಕೊಡಲೂ ಸಿದ್ಧರಾದರು. ಕೊನೆಗೆ ಅವರ ಮಾತೇ ನಡೆಯಿತು. ಸ್ವಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಮನುಷ್ಯ 1200 ಮನೆಗಳ ಒಲೆ ಆರದಂತೆ ನೋಡಿಕೊಂಡರು.

ಆ ಋಣವನ್ನು ಕಾರ್ಮಿಕರು ಮರೆಯಲಿಲ್ಲ. 1962ರಲ್ಲಿ ಕಾಯಿಲೆ ಉಲ್ಬಣಿಸಿ ಎನ್ರಿಕೆಯವರಿಗೆ ರಕ್ತ ಬೇಕಾಯಿತು. ಸುದ್ದಿ ಕಾರ್ಖಾನೆಗೆ ಮುಟ್ಟಿದಾಗ 260 ಕಾರ್ಮಿಕರು ರಕ್ತ ಕೊಡಲು ಮುಂದೆ ಬಂದರು. ಚೇತರಿಸಿಕೊಂಡು ಒಮ್ಮೆ ಕಾರ್ಖಾನೆಯವರ ಮುಂದೆ ನಿಂತಾಗ ಎನ್ರಿಕೆ ಅವರಿಗೆಲ್ಲ ಕೃತಜ್ಞತೆ ಹೇಳಿದರು. ಈಗ ತನ್ನ ಮೈಯಲ್ಲಿ ಹರಿಯುತ್ತಿರುವುದು ಹೆಚ್ಚುಕಡಿಮೆ ಕಾರ್ಮಿಕರದ್ದೇ ರಕ್ತ ಎಂದು ಸಂತೋಷಪಟ್ಟರು. ಕಾರ್ಮಿಕನಾಗಬೇಕೆಂದು ಹರೆಯದಲ್ಲಿ ಆಸೆಪಟ್ಟ ಮನುಷ್ಯನ ಆಸೆ ಹೀಗೆ ಈಡೇರಿತು. ಅದಾದ ಕೆಲವೇ ವಾರಗಳಲ್ಲಿ ದೇವರು ಅವರನ್ನು ಕರೆದುಕೊಂಡರು.

ಮುಂದೆ ಬ್ಯೂನಸ್ ಐರಿಸ್ ಮಹಾಧರ್ಮಪ್ರಾಂತ್ಯದಲ್ಲಿ ಅವರನ್ನು ಸಂತರೆಂದು ಘೋಷಿಸುವ ಪ್ರಕ್ರಿಯೆ ಆರಂಭವಾಯಿತು. 2021ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸರು, ಕ್ರೈಸ್ತ ಸದ್ಗುಣಗಳನ್ನು ಉನ್ನತ ಮಟ್ಟದಲ್ಲಿ ಬಾಳಿದವರು ಎಂದು ಅವರನ್ನು ಮಾನ್ಯ ಮಾಡಿ 'ಪೂಜ್ಯರು' ಎಂದು ಘೋಷಿಸಿದರು.

ವಿಶ್ವಾಸವೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ

ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ ವಿಷಯ ಒಂದಿದೆ. ಕಾರ್ಮಿಕರು ರಕ್ತ ಕೊಟ್ಟದ್ದು ಅವರಿಗೆ ವಿಷಯ ಗೊತ್ತಿದ್ದರಿಂದ. ಎನ್ರಿಕೆ ಕೊಡಲು ತಿಳಿದಿದ್ದ ಹಾಗೆಯೇ ಪಡೆದುಕೊಳ್ಳಲೂ ತಿಳಿದಿದ್ದರು. ನಮ್ಮ ಮನೆಗಳ ಯಜಮಾನರಿಗೆ ಕಷ್ಟವಾಗುವುದು ಈ ಎರಡನೆಯದು.

ಮನೆ ಭೇಟಿಗೆ ಹೋದಾಗ ನಾನು ಕಾಣುವುದು ಇದು. ಅಪ್ಪನ ಬಾಯಲ್ಲಿ ಹುಣ್ಣಾಗಿ ಮೂರು ತಿಂಗಳು ಕಳೆದಿರುತ್ತದೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಅವರು ಕಾಯುತ್ತಾರೆ. ಅಮ್ಮನ ಎದೆಯಲ್ಲಿ ಗಂಟು ಕೈಗೆ ಸಿಕ್ಕಿರುತ್ತದೆ. ಮಗಳ ಮದುವೆ ಆಗಲಿ ಎಂದು ಅವರು ಸುಮ್ಮನಿರುತ್ತಾರೆ. ಕಾಯಿಲೆಯ ಹೆಸರು ಹೊರಗೆ ಬಂದರೆ ಸಂಬಂಧ ತಪ್ಪುತ್ತದೆ, ಊರಿನವರು ದೂರವಾಗುತ್ತಾರೆ ಎಂಬ ಭಯ. ಕೇಳಿದರೆ ದೇವರ ಚಿತ್ತ ಎನ್ನುತ್ತಾರೆ. ಬಾಂಧವರೇ, ದೇವರ ಚಿತ್ತ ಎಂಬ ದೊಡ್ಡ ಮಾತನ್ನು ನಮ್ಮ ಹೆದರಿಕೆಗೆ ಹೊದಿಕೆ ಮಾಡಬಾರದು. ಪವಿತ್ರ ಗ್ರಂಥದ ಸಿರಾಖನ 38ನೇ ಅಧ್ಯಾಯವನ್ನು ಈ ರಾತ್ರಿ ಮನೆಯವರೆಲ್ಲ ಕುಳಿತು ಓದಿರಿ. ವೈದ್ಯನನ್ನು ನಮಗೆ ಕೊಟ್ಟವರೂ ದೇವರೇ, ಭೂಮಿಯಿಂದ ಔಷಧಿ ಹುಟ್ಟಿಸಿದವರೂ ದೇವರೇ ಎಂಬುದು ಆ ಅಧ್ಯಾಯದ ಸಾರ. ಪ್ರಾರ್ಥನೆಯನ್ನೂ ಮಾಡು, ವೈದ್ಯನಿಗೂ ಸ್ಥಳ ಕೊಡು ಎಂದು ಅದು ಕಲಿಸುತ್ತದೆ.

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಯಾರದೋ ಪಾಪದ ಫಲವೂ ಅಲ್ಲ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ಮಾತು ಊರಲ್ಲಿ ಬಹಳ ಕೇಳಿಬರುತ್ತದೆ, ಅದು ತಪ್ಪು. ಆ ಪರೀಕ್ಷೆಯಿಲ್ಲದೆ ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೇ ತಿಳಿಯದು.

ತೋಟದ ಮೇಲೆ ಇರುವ ಕಣ್ಣು ನಮ್ಮ ಮೇಲೂ ಇರಲಿ

ಕೊಳೆರೋಗ ಬಂದ ಮೇಲೆ ಮದ್ದು ಬಿಡುವವನು ಜಾಣ ಕೃಷಿಕನಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತೇವೆ. ಮಳೆಯ ನಡುವೆ ಬಿಸಿಲು ಸಿಕ್ಕಿದಾಗ, ನಲ್ವತ್ತು-ನಲ್ವತ್ತೈದು ದಿನಗಳಲ್ಲಿ, ಇನ್ನೊಮ್ಮೆ. ಒಂದು ಮರದ ಬುಡದಲ್ಲಿ ನಾಲ್ಕು ಎಳೆ ಅಡಿಕೆ ಉದುರಿದ್ದು ಕಂಡರೂ ತಲೆಯೆತ್ತಿ ಗೊನೆಯನ್ನು ನೋಡುತ್ತೇವೆ. ಇಷ್ಟು ಸೂಕ್ಷ್ಮವಾಗಿ ತೋಟ ನೋಡುವವರು ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಂಡದ್ದು ಯಾವಾಗ?

ಈ ಮಾತು ಅಡಿಕೆ ಬೆಳೆಯುವ ನಮಗೆ ಸ್ವಲ್ಪ ಕಹಿ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದು ಎಂದು ಹೇಳಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಡಿಕೆ ನಮಗೆ ಅನ್ನ ಕೊಟ್ಟಿದೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಿದೆ, ನಿಜ. ಅದರ ಋಣವನ್ನು ನೆನೆಯೋಣ. ಆದರೆ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡೋಣ, ಮುಖ್ಯವಾಗಿ ಮಕ್ಕಳ ಕೈಗೆ ಗುಟ್ಕಾ ಪೊಟ್ಟಣ ಸಿಗದಂತೆ ನೋಡಿಕೊಳ್ಳೋಣ. ಬೀಡಿ, ಸಾರಾಯಿಯ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ.

ಈ ಕೆಳಗಿನ ಲಕ್ಷಣಗಳು ಕಂಡರೆ ತಡ ಮಾಡದೆ ವೈದ್ಯರನ್ನು ಕಾಣಿರಿ:

1. ಬಾಯಲ್ಲಿ ಮೂರು ವಾರವಾದರೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ.
2. ಖಾರ ತಿಂದರೆ ಅತಿಯಾದ ಉರಿ, ಬಾಯಿ ಮೊದಲಿನಂತೆ ಪೂರ್ತಿ ತೆರೆಯಲಾಗದಿರುವುದು.
3. ಮೂರು ವಾರ ಮೀರಿದ ಕೆಮ್ಮು, ಸ್ವರ ಒಡೆಯುವುದು, ನುಂಗಲು ಕಷ್ಟ.
4. ಎದೆಯಲ್ಲಿ, ಕುತ್ತಿಗೆಯಲ್ಲಿ ಅಥವಾ ಮೈಯಲ್ಲಿ ಬೇರೆಲ್ಲಿಯಾದರೂ ಹೊಸ ಗಂಟು, ನೋವಿಲ್ಲವೆಂದು ಸುಮ್ಮನಿರಬಾರದು.
5. ಮುಟ್ಟು ನಿಂತ ಮೇಲೆ ಅಥವಾ ಮುಟ್ಟಿನ ದಿನಗಳ ನಡುವೆ ರಕ್ತಸ್ರಾವ.
6. ಮಲದಲ್ಲಿ, ಮೂತ್ರದಲ್ಲಿ ರಕ್ತ.
7. ಗಾತ್ರ, ಬಣ್ಣ, ಅಂಚು ಬದಲಾಗುತ್ತಿರುವ ಮಚ್ಚೆ, ಮಾಗದ ಗಾಯ.
8. ಕಾರಣವಿಲ್ಲದೆ ತೂಕ ಇಳಿಯುವುದು.

ಈ ಲಕ್ಷಣಗಳೆಲ್ಲ ಕ್ಯಾನ್ಸರೇ ಎಂದು ಅರ್ಥವಲ್ಲ. ಹೆಚ್ಚಿನ ಸಲ ಬೇರೆ ಸಣ್ಣ ಕಾರಣವಿರುತ್ತದೆ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ. ಮೂವತ್ತು ವರ್ಷ ದಾಟಿದವರಿಗೆ ಬಾಯಿಯ ತಪಾಸಣೆಯೂ, ಮಹಿಳೆಯರಿಗೆ ಸ್ತನ ಮತ್ತು ಗರ್ಭಕೋಶದ ಕೊರಳಿನ ತಪಾಸಣೆಯೂ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿವೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರವನ್ನು ಕೇಳಿರಿ. ದೊಡ್ಡ ಚಿಕಿತ್ಸೆಗೆ ನಮಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ದೂರವಲ್ಲ, ಮಂಗಳೂರು ಇನ್ನೂ ಹತ್ತಿರ. ಆರಂಭದಲ್ಲೇ ಹಿಡಿದ ಬಾಯಿಯ ಕ್ಯಾನ್ಸರ್ ಬಹುಪಾಲು ಗುಣವಾಗುತ್ತದೆ. ತಡವಾದಾಗ ಖರ್ಚೂ ಹೆಚ್ಚು, ನೋವೂ ಹೆಚ್ಚು.

ಗುಣವಾಗದಿದ್ದರೆ?

ಎನ್ರಿಕೆ ಗುಣವಾಗಲಿಲ್ಲ. ಇದನ್ನು ಮರೆಸಬಾರದು. ಅವರಿಗಾಗಿ ಪ್ರಾರ್ಥಿಸಿದವರು ಎಷ್ಟೋ ಮಂದಿ, ಆದರೂ ಒಂಬತ್ತು ಮಕ್ಕಳು ತಂದೆಯನ್ನು ಕಳೆದುಕೊಂಡರು. ವಿಶ್ವಾಸ ಇದ್ದವರಿಗೆ ಕಾಯಿಲೆ ಬರುವುದಿಲ್ಲ, ಬಂದರೂ ಹೋಗುತ್ತದೆ ಎಂದು ಧರ್ಮಸಭೆ ಎಂದೂ ಕಲಿಸಿಲ್ಲ. ಪ್ರಭು ಯೇಸುವೇ ಗೆತ್ಸೆಮನಿ ತೋಪಿನಲ್ಲಿ ಆ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿಕೊಂಡರು. ಆದುದರಿಂದ ರೋಗಿ ಅತ್ತರೆ, ದೇವರೊಡನೆ ಜಗಳವಾಡಿದರೆ, ವಿಶ್ವಾಸ ಕಮ್ಮಿಯಾಯಿತೆಂದು ಯಾರೂ ಅವರಿಗೆ ಉಪದೇಶ ಮಾಡಲು ಹೋಗಬೇಡಿರಿ. ಪಕ್ಕದಲ್ಲಿ ಕುಳಿತುಕೊಳ್ಳಿರಿ, ಅಷ್ಟು ಸಾಕು.

ನೋವು ತಡೆದುಕೊಳ್ಳುವುದೇ ಪುಣ್ಯವೆಂದು ರೋಗಿಗೆ ನೋವಿನ ಮಾತ್ರೆ ಕೊಡದಿರುವವರೂ ಇದ್ದಾರೆ. ಇದು ಸರಿಯಲ್ಲ. ನೋವನ್ನು ಶಮನ ಮಾಡುವ ಔಷಧಿಯನ್ನು ಧರ್ಮಸಭೆ ಒಪ್ಪುತ್ತದೆ. ಕೇರಳವು ಈ ವಿಷಯದಲ್ಲಿ ದೇಶಕ್ಕೇ ಮಾದರಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ನೋವು ಶಮನ ಚಿಕಿತ್ಸೆಯ ಕೆಲಸ ಊರೂರಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರ ಅದಕ್ಕಾಗಿ ಪ್ರತ್ಯೇಕ ನೀತಿಯನ್ನೇ ತಂದಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬಂದು ಗಾಯ ತೊಳೆದು, ಕಟ್ಟು ಹಾಕಿ, ಔಷಧಿಯ ಬಗ್ಗೆ ತಿಳಿಸಿ ಹೋಗುತ್ತಾರೆ. ಮನೆಯ ಮರ್ಯಾದೆ ಹೋಗುತ್ತದೆಂದು ಅವರನ್ನು ಗೇಟಿನಿಂದ ಹಿಂದೆ ಕಳುಹಿಸಬೇಡಿರಿ.

ಇನ್ನೊಂದು ಮಾತು. ಎಣ್ಣೆಯ ಕುಪ್ಪಿ ಹಿಡಿದು ಗುರುಗಳು ಮನೆಯ ಮೆಟ್ಟಿಲು ಹತ್ತಿದರೆ ರೋಗಿಯ ಕಥೆ ಮುಗಿಯಿತು ಎಂಬ ಹಳೆಯ ಭಯ ನಮ್ಮಲ್ಲಿ ಇನ್ನೂ ಉಳಿದಿದೆ. ಎನ್ರಿಕೆಯವರ ಕಾಲದಲ್ಲಿ ಅದನ್ನು ಕೊನೆಯ ಅಭ್ಯಂಗ ಎಂದೇ ಕರೆಯುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1972ರಲ್ಲಿ ಪೋಪ್ ಆರನೆಯ ಪೌಲರು ಈ ಸಂಸ್ಕಾರದ ವಿಧಿಯನ್ನು ನವೀಕರಿಸಿದರು. ಈಗ ಅದು ರೋಗಿಗಳ ಅಭ್ಯಂಗ. ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು, ಗಂಭೀರ ಕಾಯಿಲೆಯೆಂದು ತಿಳಿದ ಕೂಡಲೇ ಅದನ್ನು ಪಡೆಯಬಹುದು; ಕಾಯಿಲೆ ಹೆಚ್ಚಾದರೆ ಮತ್ತೆಯೂ ಪಡೆಯಬಹುದು. ರೋಗಿಗೆ ಸ್ಮೃತಿ ತಪ್ಪಿದ ಮೇಲೆ ನಡುರಾತ್ರಿ ಓಡಿ ಬರುವುದಕ್ಕಿಂತ, ಅವರು ಎದ್ದು ಕುಳಿತು ಪ್ರಾರ್ಥನೆಗೆ ಉತ್ತರ ಕೊಡುವಾಗಲೇ ಕರೆಯಿರಿ. ಮನೆ ಮಂದಿಯೆಲ್ಲ ಸೇರಿ ಪ್ರಾರ್ಥಿಸುವ ಆ ಅರ್ಧ ಗಂಟೆಯಲ್ಲಿ ರೋಗಿಗೆ ಸಿಗುವ ಸಮಾಧಾನ ದೊಡ್ಡದು.

ಮಕ್ಕಳಿಂದ ವಿಷಯವನ್ನು ಪೂರ್ತಿ ಮುಚ್ಚಿಡಬೇಡಿರಿ. ಮನೆಯಲ್ಲಿ ಪಿಸುಮಾತು ನಡೆಯುವಾಗ ಮಕ್ಕಳು ಅದಕ್ಕಿಂತ ಭಯಂಕರವಾದುದನ್ನು ಕಲ್ಪಿಸಿಕೊಳ್ಳುತ್ತಾರೆ. ಅಪ್ಪನಿಗೆ ದೊಡ್ಡ ಕಾಯಿಲೆ ಇದೆ, ವೈದ್ಯರು ನೋಡುತ್ತಿದ್ದಾರೆ, ನಾವೆಲ್ಲ ಒಟ್ಟಿಗೆ ಇದ್ದೇವೆ ಎಂದು ಅವರ ವಯಸ್ಸಿಗೆ ತಕ್ಕಂತೆ ಹೇಳಿರಿ. ರೋಗಿಯ ಆರೈಕೆ ಮಾಡುವ ಹೆಂಡತಿಯನ್ನೂ ನೆನಪಿಡಿರಿ. ಎಲ್ಲರೂ ಮನೆಗೆ ಬಂದು ರೋಗಿ ಹೇಗಿದ್ದಾರೆ ಎಂದು ಕೇಳುತ್ತಾರೆ. ನೀನು ಊಟ ಮಾಡಿದೆಯಾ, ನಿದ್ದೆ ಮಾಡಿದೆಯಾ ಎಂದು ಆಕೆಯನ್ನು ಕೇಳುವವರು ಕಡಿಮೆ.

ನಾವು 260 ಜನ ಆಗಬಲ್ಲೆವೇ?

ಎನ್ರಿಕೆಯವರ ಸುತ್ತ ಒಂದು ಕಾರ್ಖಾನೆ ಇತ್ತು. ನಮ್ಮ ರೋಗಿಗಳ ಸುತ್ತ ಒಂದು ಧರ್ಮಕೇಂದ್ರ ಇದೆ. ಹದಿನೆಂಟರಿಂದ ಅರವತ್ತೈದು ವರ್ಷದೊಳಗಿನ, 45 ಕಿಲೋಗೆ ಕಡಿಮೆಯಿಲ್ಲದ ತೂಕದ, ಹಿಮೊಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಮರ ಏರುವವರು, ಟ್ರ್ಯಾಕ್ಟರ್ ಓಡಿಸುವವರು ಆ ದಿನ ಆ ಕೆಲಸಕ್ಕೆ ರಜೆ ಹಾಕಬೇಕು, ಅಷ್ಟೇ. ಪ್ರತಿಯೊಂದು ವಾಳೆಯಲ್ಲೂ ಯಾರದು ಯಾವ ಗುಂಪಿನ ರಕ್ತ ಎಂಬ ಪಟ್ಟಿಯನ್ನು ಯುವಜನರು ಮಾಡಿಟ್ಟರೆ ನಡುರಾತ್ರಿಯ ಓಡಾಟ ತಪ್ಪುತ್ತದೆ.

ರಕ್ತ ಕೊಡಲಾಗದವರೂ ಕೊಡಬಹುದಾದದ್ದು ಇದೆ. ಕಿಮೋಥೆರಪಿಗೆ ಹೋಗುವ ದಿನ ಅವರ ಹಸುವಿನ ಹಾಲು ಕರೆದು ಡೈರಿಗೆ ಕೊಟ್ಟು ಬರಬಹುದು. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಳೆ ಬರುವಾಗ ಒಳಗೆ ಹಾಕಬಹುದು. ಸಾಲ ಕೊಟ್ಟವರು ಒಂದು ಕಂತಿಗೆ ಕಾಯಬಹುದು. ತೋಟದ ಯಜಮಾನರೇ, ನಿಮ್ಮಲ್ಲಿ ಕೆಲಸಕ್ಕೆ ಬರುವವರು ಕಾಯಿಲೆ ಬಿದ್ದರೆ ಬಟವಾಡೆಯ ಪುಸ್ತಕದಿಂದ ಅವರ ಹೆಸರು ಹೊಡೆದು ಹಾಕುವ ಮೊದಲು ಅವರ ಮನೆಗೆ ಒಮ್ಮೆ ಹೋಗಿ ಬನ್ನಿರಿ. ಎನ್ರಿಕೆಗೆ 260 ಜನ ಸಿಕ್ಕಿದ್ದು ಆಸ್ಪತ್ರೆಗೆ ಸೇರಿದ ದಿನವಲ್ಲ. ಅದಕ್ಕಿಂತ ಎಷ್ಟೋ ವರ್ಷಗಳ ಹಿಂದಿನಿಂದ, ಒಬ್ಬೊಬ್ಬರಾಗಿ.

ಈ ಆಗಸ್ಟ್ 27ರಂದು ನಿಮ್ಮ ಮನೆಯ ಜಪಸರದ ಸಮಯದಲ್ಲಿ ಕ್ಯಾನ್ಸರಿನಿಂದ ನರಳುವವರನ್ನೂ, ಅವರನ್ನು ನೋಡಿಕೊಳ್ಳುವವರನ್ನೂ ನೆನೆಯಿರಿ. ಮೂರು ವಾರದಿಂದ ಯಾರಿಗೂ ಹೇಳದೆ ಏನಾದರೂ ಮುಚ್ಚಿಟ್ಟುಕೊಂಡಿರುವವರು ನಿಮ್ಮ ಮನೆಯಲ್ಲಿದ್ದರೆ, ಪ್ರಾರ್ಥನೆ ಮುಗಿದ ಮೇಲೆ ಅದನ್ನು ಹೇಳಿಬಿಡಿರಿ. ಮರುದಿನ ಬೆಳಿಗ್ಗೆ ವೈದ್ಯರಲ್ಲಿಗೆ ಹೊರಡಿರಿ. ಪ್ರಭು ನಿಮ್ಮ ಜೊತೆ ಇರುತ್ತಾರೆ.